ಅವಾಚ್ಯ ಎಂದು ಬರೆದವಳು

ಆ ಹೆಣ್ಣುಮಗಳ ದೂರನ್ನು ಕೆಡಿಸಿದವಳು ನಾನು. ಮುಕಾದಮನ ಬಾಯಿ ಹೊಲಸು, ಮಾಲೀಕರ ಕಿವಿ ಒಂದೇ ಕಡೆ, ಎಲ್ಲ ಒಪ್ಪಿದೆ. ಆದರೆ ಕಾಗದ ಬರೆದವಳು ನಾನು. ಚೆಂದಾಗಿ ಬರೆದೆ ಎಂದು ಒಳಗೊಳಗೇ ಹಿಗ್ಗಿದವಳೂ ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಪರ ವಾದ ಮಾಡುವುದು ಬೇಡ.

ನಮ್ಮದು ಒಣದ್ರಾಕ್ಷಿ ವ್ಯಾಪಾರ. ಶೆಡ್ಡು ಇರುವುದು ಟಿಕೋಟಾದಿಂದ ಬಬಲೇಶ್ವರದ ಕಡೆ ಹೋಗುವ ರಸ್ತೆಯಲ್ಲಿ. ಸುತ್ತಲಿನ ತೋಟಗಳಿಂದ ಬಂದ ಮಾಲನ್ನು ಅಲ್ಲಿ ತೊಳೆದು, ತೊಟ್ಟು ತೆಗೆದು, ಬಣ್ಣ ನೋಡಿ ಬೇರೆ ಮಾಡಿ ಪೆಟ್ಟಿಗೆ ತುಂಬುತ್ತಾರೆ. ಉದ್ದನೆಯ ಬೆಲ್ಟು ಓಡುತ್ತಿರುತ್ತದೆ, ಅದರ ಎರಡೂ ಬದಿಗೆ ನಲವತ್ತು ಹೆಣ್ಣುಮಕ್ಕಳು ಕೂತು ಕೈಯಾಡಿಸುತ್ತಿರುತ್ತಾರೆ. ಅವರಿಗೆ ಕೆಲಸ ಹಂಚುವವನು, ಹಾಜರಿ ಹಿಡಿಯುವವನು ಮುಕಾದಮ. ಆಫೀಸು ಮಾತ್ರ ವಿಜಯಪುರದಲ್ಲಿ, ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ, ಮಾಲೀಕರ ಹಳೇ ಮನೆಯ ಕೆಳಗಿನ ಪಡಸಾಲೆಯಲ್ಲಿ. ಪತ್ರ, ನೋಟೀಸು, ನಡಾವಳಿ ಏನೇ ಇರಲಿ ಬರೆಯುವುದು ನಾನು. ಹೆಣ್ಣುಮಕ್ಕಳ ದೂರು ಕೇಳಲು ಒಂದು ಸಮಿತಿ ಇರಬೇಕು, ಅದಕ್ಕೆ ಹಿರಿಯ ಹೆಂಗಸೊಬ್ಬಳು ಅಧ್ಯಕ್ಷೆಯಾಗಬೇಕು ಎಂದು ಕಾಯ್ದೆ ಇದೆ. ನಮ್ಮಲ್ಲಿ ಹಿರಿಯ ಹೆಂಗಸು ನಾನೊಬ್ಬಳೇ. ಹೀಗಾಗಿ ಅಧ್ಯಕ್ಷೆಯಾದೆ. ಅಲ್ಲಿಯವರೆಗೆ ನಮ್ಮ ಸಮಿತಿ ಮಾಡಿದ್ದ ಕೆಲಸವೆಂದರೆ ಗೋಡೆಗೆ ಒಂದು ಬೋರ್ಡು ಹೊಡೆಸಿದ್ದು.

ಸುಗ್ಗಿ ಜೋರಾಗಿದ್ದ ದಿನ ಶೆಡ್ಡಿನಿಂದ ಫೋನು ಬಂತು, ಒಬ್ಬಳು ದೂರು ಕೊಡುತ್ತೇನೆಂದು ಹಟ ಹಿಡಿದು ಕೂತಿದ್ದಾಳೆ ಎಂದು. ಹೋದೆ. ನಲವತ್ತರ ಆಸುಪಾಸಿನ ಹೆಂಗಸು. ತವರು ಕನಮಡಿ, ಇರುವುದು ಬಬಲೇಶ್ವರದಲ್ಲಿ. ಗಂಡನಿಲ್ಲ. ಹತ್ತು ಸುಗ್ಗಿಯಿಂದ ನಮ್ಮ ಬೆಲ್ಟಿಗೆ ಬರುತ್ತಿದ್ದಳು. ಈ ವರ್ಷ ಇಪ್ಪತ್ತು ವರ್ಷದ ಮಗಳನ್ನೂ ಕರೆದುಕೊಂಡು ಬಂದಿದ್ದಳು. ಮಗಳಿಗೆ ಕನಮಡಿಯ ಕಡೆಯೇ ಗಂಡು ಗೊತ್ತಾಗಿತ್ತು. ಅಂದು ಬೆಳಿಗ್ಗೆ ತೊಟ್ಟು ಉಳಿದ ಮಾಲು ಪೆಟ್ಟಿಗೆಗೆ ಹೋಗಿದೆ ಎಂದು ಮುಕಾದಮ ಬಂದು ಬೆಲ್ಟು ನಿಲ್ಲಿಸಿ, ನಲವತ್ತು ಮಂದಿಯ ಮುಂದೆ ಇವಳಿಗೆ ಬೈದಿದ್ದ. ತಾಯಿಗೆ ಬೈದು ಸಮಾಧಾನವಾಗದೆ ಪಕ್ಕದಲ್ಲಿದ್ದ ಮಗಳ ಕಡೆ ಕೈ ಮಾಡಿ ಅವಳಿಗೂ ಅಂದಿದ್ದ.

ಸಾಮಾನಿನ ಕೋಣೆಯಲ್ಲಿ ಪೆಟ್ಟಿಗೆಯ ಮೇಲೆ ಕೂತು ನಾನು ಕಾಗದ ಮಡಿಸಿ ಮಾರ್ಜಿನ್ ಮಾಡಿಕೊಂಡೆ. ಆಕೆಗೆ ತನ್ನ ಹೆಸರು ಬಿಟ್ಟರೆ ಬೇರೇನೂ ಬರೆಯಲು ಬರುತ್ತಿರಲಿಲ್ಲ.

"ಏನ ಬೇಕು ನಿನಗ? ಅಂವನ್ನ ತಗೀಬೇಕೇನ?" ಎಂದೆ.

"ನನಗ ಅಂವನ ನೌಕರಿ ತಗೊಂಡ ಏನ ಮಾಡೂದೈತ್ರಿ ಅಕ್ಕಾರ? ಅಂವಗೂ ಮಕ್ಕಳದಾವು. ಎಲ್ಲಿ ನಿಂತ ಅಂದಾನ ಅಲ್ಲೇ ನಿಂದ್ರಲಿ, ಅಷ್ಟ ಮಂದಿ ಮುಂದ, ನಾ ಅಂದದ್ದು ಸುಳ್ಳ ಅನ್ಲಿ. ನನ್ನ ಮಗಳಿಗೆ ಅಂದದ್ದು ತಿರಗಿ ತಗೊಳ್ಳಿ. ಇಷ್ಟ ನೋಡ್ರಿ."

"ಏನ ಅಂದಾ?"

"ಹೊಲಸ ಬೈದಾನ್ರಿ."

"ಏನಂತ ಬೈದಾ, ಹೇಳಬೇಕಲ್ಲ ನನಗ."

ಆಕೆ ಗೋಡೆಯ ಕಡೆ ತಿರುಗಿ, ಸಣ್ಣ ದನಿಯಲ್ಲಿ ಹೇಳಿದಳು. ನಾಲ್ಕೇ ಶಬ್ದ. ಎರಡು ಆಕೆಯ ಮೇಲೆ, ಎರಡು ಮಗಳ ಮೇಲೆ. ನನ್ನ ಕಿವಿ ಬಿಸಿಯಾದವು. ಪೆನ್ನು ಒಂದು ಗಳಿಗೆ ನಿಂತಿತು, ಆಮೇಲೆ ತಾನೇ ಹಾದಿ ಹುಡುಕಿಕೊಂಡಿತು: "ಸದರಿ ಮುಕಾದಮರು ನನ್ನನ್ನೂ ನನ್ನ ಮಗಳನ್ನೂ ಎಲ್ಲರ ಸಮಕ್ಷಮ ಅವಾಚ್ಯ ಶಬ್ದಗಳಿಂದ ನಿಂದಿಸಿರುತ್ತಾರೆ."

"ಅಂವ ಅಂದದ್ದು ಬರದ್ರಿ ಏನ್ರಿ ಅಕ್ಕಾರ?"

"ಬರದೇನವಾ. ಎಲ್ಲಾ ಬಂತು ಅದರಾಗ."

ಆಕೆ ನಂಬಿದಳು. ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದಳು.

ಈ 'ಅವಾಚ್ಯ' ಎಂಬ ಶಬ್ದದ ಬಗ್ಗೆ ನಾನು ಆಮೇಲೆ ಬಹಳ ತಲೆ ಕೆಡಿಸಿಕೊಂಡಿದ್ದೇನೆ. ಬಾಯಿಂದ ಆಡಬಾರದ್ದು ಎಂದು ಅದರ ಅರ್ಥ. ಆದರೆ ನಮ್ಮ ಕಡೆ ಆ ಮಾತುಗಳನ್ನು ಆಡದ ಬಾಯಿ ಯಾವುದಿದೆ ತೋರಿಸಿ! ಚಾದಂಗಡಿಯಲ್ಲಿ ಗೆಳೆಯ ಗೆಳೆಯನನ್ನು ಕರೆಯುವುದೇ ಅದರಿಂದ. ಟ್ರ್ಯಾಕ್ಟರು ಚಾಲೂ ಆಗದಿದ್ದರೆ ಅದಕ್ಕೂ ಅದೇ. ನಮ್ಮ ಮನೆಯವರು ನೌಕರಿಯಲ್ಲಿರುವ, ಓದಿದ ಮನುಷ್ಯರು, ಗೀಸರು ಕೆಟ್ಟಾಗ ಗೀಸರಿನ ತಾಯಿಯನ್ನು ನೆನೆಯುತ್ತಾರೆ. ಆಗೆಲ್ಲ ಅದು ಅವಾಚ್ಯವಲ್ಲ, ಬರೇ ಮಾತು. ಯಾರ ಬಾಯಲ್ಲೂ ನಾನು 'ಅವಾಚ್ಯ' ಎಂದು ಕೇಳಿಲ್ಲ, ಅದು ಕಾಗದದ ಮೇಲೆ ಮಾತ್ರ ಇರುವ ಶಬ್ದ. ಫಿರ್ಯಾದಿಯಲ್ಲಿ ಬರುತ್ತದೆ, ಪೇಪರಿನ ಅಪರಾಧ ಸುದ್ದಿಯಲ್ಲಿ ಬರುತ್ತದೆ. ಪೆಟ್ಟು ತಿಂದವಳು ಬಂದು ಹೇಳಿಕೊಂಡಾಗ ಮಾತ್ರ ಅದು ಹುಟ್ಟುತ್ತದೆ. ಬೈದವನು ಇಡೀ ಶೆಡ್ಡಿಗೆ ಕೇಳುವ ಹಾಗೆ ಆಡಬಹುದು. ಬೈಸಿಕೊಂಡವಳು ಮಾತ್ರ ಅದನ್ನು ಆಡಬಾರದು, ನನ್ನಂಥವಳು ಅದನ್ನು ಬರೆಯಬಾರದು. ಅಂದು ಇಷ್ಟೆಲ್ಲ ಹೊಳೆದಿದ್ದರೆ ಎಷ್ಟು ಚೆನ್ನಾಗಿತ್ತು! ಅಂದು ನನಗೆ ಹೊಳೆದದ್ದು ನನ್ನ ಅಕ್ಷರ ಎಷ್ಟು ದುಂಡಗಿದೆ ಎಂಬುದಷ್ಟೇ.

ದೂರಿನ ಪ್ರತಿಯನ್ನು ಮುಕಾದಮನಿಗೆ ಕೊಟ್ಟು ಉತ್ತರ ಕೇಳುವುದು ಮೊದಲ ಕ್ರಮ. ಹತ್ತು ದಿನ ಸಮಯ. ಅವನು ಒಂಬತ್ತನೆಯ ದಿನ ಉತ್ತರ ತಂದ, ಯಾರೋ ತಿಳಿದವರಿಂದ ಟೈಪು ಮಾಡಿಸಿದ್ದು. ಕೆಲಸ ಸರಿಯಾಗಿ ಮಾಡಿರಿ ಎಂದು ಗದರಿಸಿದ್ದು ನಿಜ, ಅದು ತನ್ನ ಕರ್ತವ್ಯ. ಇನ್ನು ಅವಾಚ್ಯ ಶಬ್ದಗಳೆಂದರೆ ಯಾವುವು ಎಂದು ದೂರಿನಲ್ಲಿ ಇಲ್ಲ. ಇಲ್ಲದ ಶಬ್ದಕ್ಕೆ ತಾನು ಹೌದೆಂದು ಹೇಗೆ ಹೇಳಲಿ, ಅಲ್ಲವೆಂದು ಹೇಗೆ ಹೇಳಲಿ? ಇಷ್ಟೇ. ಓದಿದಾಗ ನನಗೆ ಸಿಟ್ಟು ಬಂತು. ಉತ್ತರ ಸರಿಯಾಗಿದೆ ಎಂದು ಗೊತ್ತಾದದ್ದಕ್ಕೇ ಸಿಟ್ಟು ಬಂತು.

ಸಮಿತಿಯಲ್ಲಿ ನಾವು ನಾಲ್ವರು. ಗೋಡೌನು ನೋಡಿಕೊಳ್ಳುವ ಹಿರಿಯರೊಬ್ಬರು, ಅವರು ಎಲ್ಲದಕ್ಕೂ ಹೂಂ ಎನ್ನುವವರು. ಪ್ಯಾಕಿಂಗ್ ವಿಭಾಗದ ಒಬ್ಬ ಹುಡುಗಿ, ಅವಳು ಹೂಂ ಕೂಡ ಎನ್ನುವವಳಲ್ಲ. ನಾನು. ಹೊರಗಿನ ಸದಸ್ಯೆಯಾಗಿ ಒಬ್ಬ ವಕೀಲಬಾಯಿ. ಆಕೆ ಕೋರ್ಟಿನಿಂದ ಸ್ಕೂಟಿಯ ಮೇಲೆ ಬಂದು, ಹೆಲ್ಮೆಟ್ಟನ್ನು ನನ್ನ ಮೇಜಿನ ಮೇಲಿಟ್ಟು, ದೂರನ್ನು ಎರಡು ಸಲ ಓದಿದರು.

"ಅಕ್ಕಾರ, ಇದರಾಗ ಮಾತ ಎಲ್ಲಿ ಐತ್ರಿ?"

"ಅಲ್ಲೇ ಐತಲ್ರಿ, ಅವಾಚ್ಯ ಶಬ್ದಗಳಿಂದ ಅಂತ."

"ಅದು ನಿಮ್ಮ ಅಭಿಪ್ರಾಯ ಆತ್ರಿ. ಅಂವ ಏನ ಅಂದಾ ಅದು ಬೇಕು. ಕೋರ್ಟಿನ್ಯಾಗ ಇಂಥಾವು ಎಷ್ಟ ಬಿದ್ದು ಹೋಗ್ಯಾವ ಅಂತೀರಿ! ಪಾಪ, ಬರಿಯಾವ್ರು ಎಲ್ಲಾರೂ ನಿಮ್ಮಂಗ ಮರ್ಯಾದಿ ಮಂದಿ."

ಆಕೆ ನಕ್ಕೇ ಹೇಳಿದರು. ಚುಚ್ಚಬೇಕೆಂದು ಹೇಳಿದ್ದಲ್ಲ, ಆದರೂ ಚುಚ್ಚಿತು. ಈಗ ನಾನು ಕೂತು ದೂರಿನಲ್ಲಿ ಆ ಶಬ್ದ ಸೇರಿಸಿದರೆ, ಉತ್ತರ ಬಂದ ಮೇಲೆ ಕಟ್ಟಿದ ಕತೆ ಎನ್ನುತ್ತಾರೆ. ಅದಕ್ಕೆ ಸಾಕ್ಷಿಗಳ ಹೇಳಿಕೆ ತೆಗೆದುಕೊಳ್ಳಿ, ಕೇಳಿದವರು ನಲವತ್ತು ಮಂದಿ ಇದ್ದಾರಲ್ಲ ಎಂದರು.

ನಲವತ್ತು ಮಂದಿ! ಎರಡು ದಿನ ಟಿಕೋಟಾ ಶೆಡ್ಡಿನ ಸಾಮಾನಿನ ಕೋಣೆಯಲ್ಲಿ ಕೂತು ಒಬ್ಬೊಬ್ಬಳನ್ನೇ ಒಳಗೆ ಕರೆದೆ. ಬೈದದ್ದು ಹೌದೇ ಎಂದರೆ ಹೌದು. ಮಗಳಿಗೂ ಅಂದನೇ ಎಂದರೆ ಅಂದ. ಏನಂದ ಎಂದರೆ ಸೆರಗು ಬಾಯಿಗೆ ಹೋಗುತ್ತಿತ್ತು.

"ಶಿವಶಿವಾ! ಮುಂಜಾನೆ ಹೊತ್ತಿನ್ಯಾಗ ನನ್ನ ಬಾಯಿಲೆ ಯಾಕ ಆಡಸ್ತೀರಿ?"

"ಅದ ಅಂತಾರಲ್ರೀ ಅಕ್ಕಾರ, ಅದು. ನಿಮಗ ಗೊತ್ತಿಲ್ದ ಏನ."

"ನನಗ ಗೊತ್ತೈತಿ ಬೇ, ನೀ ಹೇಳಬೇಕು."

"ಗೊತ್ತಿದ್ದ ಮ್ಯಾಲ ನನ್ನ ಯಾಕ ಕೇಳ್ತೀರಿ?"

ವಯಸ್ಸಾದ ಒಬ್ಬಳು ಮಾತ್ರ ನೇರವಾಗಿ ಹೇಳಿದಳು, "ಬಾಯಿ ಬಿಟ್ಟರ ಬಣ್ಣಗೇಡು ನೋಡ್ರಿ. ಇಂದ ನಾ ಆ ಮಾತ ನಿಮ್ಮ ಮುಂದ ಅಂದೆ ಅಂದ್ರ ನಾಳೆ ಮುದುಕಿ ಬಾಯಿ ಹೊಲಸ ಅಂತಾರ, ಅಂವನ ಬಾಯಿ ಹೊಲಸ ಅನ್ನೂದಿಲ್ಲ." ಆಗ ನಾನು ಅವಳ ಮೇಲೆ ರೇಗಿದೆ. ಮಜಾ ಎಂದರೆ, ಕೋಣೆಯಿಂದ ಹೊರಗೆ ಹೋಗಿ ಬೆಲ್ಟಿನ ಹತ್ತಿರ ಕೂತ ಕೂಡಲೇ ಅದೇ ಬಾಯಿಗಳು ಅದೇ ಮಾತುಗಳಿಂದ ಒಬ್ಬರನ್ನೊಬ್ಬರು ಕಿಚಾಯಿಸಿ ನಗುತ್ತಿದ್ದವು, ಗೋಡೆಯಾಚೆ ನನಗೆ ಕೇಳುತ್ತಿತ್ತು. ಬರೆಯಲು ಬರುವ ಒಬ್ಬಳಿಗೆ ಹೇಳುವುದು ಬೇಡ, ಬರೆದಾದರೂ ಕೊಡು ಎಂದೆ. ಅವಳು ಬಹಳ ಹೊತ್ತು ಕೂತು ಮೊದಲಿನ ಒಂದು ಅಕ್ಷರ ಬರೆದು, ಮುಂದೆ ಮೂರು ಚುಕ್ಕಿ ಇಟ್ಟು ಕೊಟ್ಟಳು. ವಕೀಲಬಾಯಿಗೆ ತೋರಿಸಿದೆ.

"ಚುಕ್ಕಿ ಬಂದು ಸಾಕ್ಷಿ ಹೇಳ್ತಾವೇನ್ರಿ ಅಕ್ಕಾರ?" ಎಂದರು.

ಈ ಗದ್ದಲದಲ್ಲಿ ಮಗಳು ಶೆಡ್ಡಿಗೆ ಬರುವುದನ್ನು ನಿಲ್ಲಿಸಿದ್ದಳು. ಗಂಡಿನ ಕಡೆಯವರು ಕನಮಡಿಯಿಂದ ಹೇಳಿ ಕಳಿಸಿದ್ದರಂತೆ, ಅದೇನೋ ಕೇಳಿ ಬಂತು, ಮೊದಲು ಅದು ಬಗೆಹರಿದು ನಿಕಾಲಿ ಆಗಲಿ, ಆಮೇಲೆ ಮದುವೆ ಕಾರ್ಯದ ಮಾತು ಎಂದು. ತಾಯಿ ಮಾತ್ರ ದಿನಾ ಟಂಟಂ ಆಟೋ ಹಿಡಿದು ಬರುತ್ತಿದ್ದಳು. ಮುಕಾದಮ ಆಕೆಯನ್ನು ಬೆಲ್ಟಿನ ಕೊನೆಗೆ, ನೀರು ಸಿಡಿಯುವ ಜಾಗಕ್ಕೆ ಹಾಕಿದ್ದ. ಆಕೆ ನನ್ನನ್ನು ಕಂಡಾಗ ಒಂದೇ ಕೇಳುತ್ತಿದ್ದಳು, "ಯಾವಾಗ ಅನಸ್ತೀರಿ ಅಕ್ಕಾರ, ಅಂವನ ಕಡಿಂದ?"

ಆ ವಾರದ ಕೊನೆಗೆ ವಕೀಲಬಾಯಿ ಫೋನು ಮಾಡಿದರು. ಒಂದು ಹಾದಿ ಇದೆ ಎಂದರು.

"ಆಕಿ ಮೊದಲ ದಿನಾನ ನಿಮ್ಮ ಮುಂದ ಆ ಮಾತ ಹೇಳ್ಯಾಳಲ್ರೀ? ಹಂಗಾದ್ರ ನೀವ ಸಾಕ್ಷಿ. ಅಧ್ಯಕ್ಷಿ ಕುರ್ಚಿ ಬಿಟ್ಟು ಈ ಕಡೆ ಬಂದು ನಿಂದರ್ರಿ. ಇಂಥಾ ದಿನ, ಇಂಥಾ ಮಾತ ಹೇಳಿದ್ಲು, ನಾ ಸಂಕೋಚ ಮಾಡಿ ಬರೀಲಿಲ್ಲ, ತಪ್ಪ ನಂದು ಅಂತ ಹೇಳ್ರಿ. ಮುಗೀತು. ಮುಂದಿಂದು ನಾ ನೋಡ್ಕೋತೇನಿ."

"ಆ ಮಾತನ್ನೂ ಹೇಳಬೇಕೇನ್ರಿ?"

"ಮತ್ತ? ಅದನ್ನ ಹೇಳಾಕನ ಅಲ್ರಿ ನಿಂದರೂದು."

ಎರಡು ದಿನ ಯೋಚಿಸಿದೆ. ಸುಳ್ಳು ಹೇಳುವುದಿಲ್ಲ, ಆಕೆಯ ಬಗ್ಗೆ ಯೋಚಿಸಿದ್ದು ಕಡಿಮೆ. ಯೋಚಿಸಿದ್ದು ನನ್ನ ಬಗ್ಗೆಯೇ. ಅಥಣಿ ರಸ್ತೆಯ ನಮ್ಮ ಲೇಔಟಿನಲ್ಲಿ ನನ್ನನ್ನು ಎಲ್ಲರೂ ಅಕ್ಕಾರು ಎನ್ನುತ್ತಾರೆ, ಮಕ್ಕಳ ಕನ್ನಡ ತಿದ್ದಲು ನನ್ನ ಹತ್ತಿರ ಕಳಿಸುತ್ತಾರೆ. ಮಾಲೀಕರ ಮನೆಯಿಂದ ಹಬ್ಬಕ್ಕೆ ಹೋಳಿಗೆ ಬರುತ್ತದೆ. ಮುಕಾದಮ ಎದುರಿಗೆ ಕೂತಿರುವಾಗ, ಗೋಡೌನಿನ ಹಿರಿಯರು ಕೇಳುತ್ತಿರುವಾಗ, ಈ ಬಾಯಿಂದ ಆ ನಾಲ್ಕು ಶಬ್ದ! ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಾನೇ ಎಷ್ಟು ಮಂದಿಗೆ ಹೇಳಿದವಳು. ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಒಮ್ಮೆ ಮೆಲ್ಲಗೆ ಅಂದು ನೋಡಿದೆ. ಎರಡನೆಯ ಶಬ್ದ ಪೂರ್ತಿಯಾಗುವ ಮೊದಲೇ ನಲ್ಲಿ ಬಂದ್ ಮಾಡಿ ಹೊರಗೆ ಬಂದೆ. ಸೋಮವಾರ ವಕೀಲಬಾಯಿಗೆ ಫೋನು ಮಾಡಿ ಹೇಳಿದೆ.

"ಆಕಿನ ಹೇಳಲಿ ಬಿಡ್ರಿ. ಫಿರ್ಯಾದಿ ಆಕಿ ಅಲ್ಲ?"

"ನಿಮ್ಮ ಮರ್ಜಿ," ಎಂದು ವಕೀಲಬಾಯಿ ಫೋನು ಇಟ್ಟರು.

ಆಕೆಗೆ ತಿಳಿಸಲು ಬಬಲೇಶ್ವರಕ್ಕೆ ಹೋದೆ. ರೊಟ್ಟಿ ಬಡಿಯುತ್ತಿದ್ದಳು. ಮಗಳು ಒಳಗೆ ಭಾಂಡೆ ತಿಕ್ಕುತ್ತಿದ್ದಳು. ಸಮಿತಿಯ ಮುಂದೆ ಬಂದು ಆ ಮಾತನ್ನು ನೀನೇ ಹೇಳಬೇಕಾಗುತ್ತದೆ ಎಂದೆ.

"ನೀವು ಬರದೇನಿ ಅಂದಿದ್ರಲ್ರೀ ಅಕ್ಕಾರ?"

"ಬರದೇನವಾ. ಆದ್ರ ಆ ಮಾತ ಅಂವ ಅಂದಂಗ ಬರದಿಲ್ಲ."

"ಮತ್ತ ಹೆಂಗ ಬರದ್ರಿ?"

"ಹೊಲಸ ಬೈದಾನ ಅನ್ನೂ ಅರ್ಥ ಬರೂಹಂಗ ಬರದೇನಿ."

ಆಕೆ ರೊಟ್ಟಿ ತಿರುವಿ ಹಾಕಿದಳು. "ಹೊಲಸ ಎಮ್ಮಿಗೂ ಬೈತಾರ್ರಿ, ನಾವೂ ಬೈತೇವಿ. ಅಂವ ಬೈದದ್ದು ಅದಲ್ರಿ. ನನ್ನ ಮಗಳನ್ನ ಬೆಲ್ಟಿಗೆ ಯಾಕ ತಂದೇನಿ ಅಂತ ಅಂವ ಅಂದಾನಲ್ರಿ, ಅದು ಮಾತು. ಅದನ್ನ ಬರದಿಲ್ಲ ಅಂದ್ರ ಏನ ಬರದ್ರಿ?"

ಒಳಗೆ ಭಾಂಡೆಯ ಸಪ್ಪಳ ನಿಂತಿತ್ತು. ನಾನು ಉಪದೇಶ ಶುರು ಮಾಡಿದೆ. ಒಂದು ಸಲ ಧೈರ್ಯ ಮಾಡು, ಒಂದೇ ನಿಮಿಷದ ಕೆಲಸ, ಕೋಣೆಯೊಳಗಿನ ಮಾತು ಹೊರಗೆ ಹೋಗುವುದಿಲ್ಲ ಎಂದೆ.

"ಎಷ್ಟ ಮಂದಿ ಇರ್ತೀರಿ?"

"ನಾವು ನಾಲ್ಕ ಮಂದಿ, ಅಂವಾ. ಬಾಗಲಾ ಹಾಕಿರತೇವಿ."

"ಸಾವ್ಕಾರ್ರು?"

"ಅವ್ರು ಇರೂದಿಲ್ಲ. ಇರಾಕ ಬರೂದಿಲ್ಲ, ಕಾಯ್ದೆ ಐತಿ."

"ಅಂದಮ್ಯಾಲ ಅಂವ ಶೆಡ್ಡಿನ್ಯಾಗ ಬಂದು ಅಂತಾನಲ್ರಿ, ಸುಳ್ಳ ಅಂತ?"

"ಅನಸ್ತೇನಿ," ಎಂದೆ.

ಸಭೆಯ ದಿನ ಮಾಲೀಕರು ಇದ್ದರು. ಮೇಲಿನಿಂದ ಇಳಿದು ಬಂದು ಮೂಲೆಯ ಕುರ್ಚಿಯಲ್ಲಿ ಕೂತು, "ನಾ ಸುಮ್ಮ ಕೂಡತೇನಿ, ನೀವ ನಡಸ್ರಿ," ಎಂದರು. ವಕೀಲಬಾಯಿ ನನ್ನ ಮುಖ ನೋಡಿದರು. ಎದ್ದು ಹೋಗಿ ಎನ್ನುವ ಅಧಿಕಾರ ಅಂದು ಆ ಕೋಣೆಯಲ್ಲಿ ಇದ್ದದ್ದು ನನಗೊಬ್ಬಳಿಗೆ. ನಾನು ಮಾಲೀಕರಿಗೆ ನೀರು ತರಿಸಿದೆ.

ಮುಕಾದಮ ಬಿಳಿ ಅಂಗಿ ಹಾಕಿ, ಹಣೆಗೆ ವಿಭೂತಿ ಬಳಿದುಕೊಂಡು, ಎಲ್ಲರಿಗೂ ಕೈ ಮುಗಿದು ಕೂತ. ಆಕೆ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ. ಮೂಲೆಯಲ್ಲಿ ಮಾಲೀಕರನ್ನು ಕಂಡು ನನ್ನ ಕಡೆ ನೋಡಿದಳು. ನಾನು ಕಾಗದ ಜೋಡಿಸುತ್ತಿದ್ದೆ. ಮಧ್ಯಾಹ್ನದ ಸೆಕೆಗೆ ಕಿಟಕಿ ತೆರೆದಿತ್ತು, ಆಚೆ ಓಣಿಯಲ್ಲಿ ಹೂವು ಮಾರುವವಳು ಕೂಗುತ್ತಿದ್ದಳು.

ವಕೀಲಬಾಯಿ ಕೇಳಿದರು, ಆಕೆ ಹೇಳಿದಳು. ದನಿ ತನಗೇ ಕೇಳಿಸದಷ್ಟು ಸಣ್ಣದು.

"ಕೇಳಲಿಲ್ಲವಾ. ಇನ್ನೊಂದ ಸಲ."

ಇನ್ನೊಂದು ಸಲ ಹೇಳಿದಳು. ಯಾವತ್ತೂ ಹೂಂ ಎನ್ನುವ ಗೋಡೌನಿನ ಹಿರಿಯರು ಅಂದೇ ಮಾತು ಕಲಿತರು. "ಹಿಂಗ ಮೆತ್ತಗ ಅಂದಿದ್ರ ಅದಕ್ಕ ಬೈಗಳ ಅಂತಾರೇನ್ರಿ? ಬುದ್ಧಿ ಹೇಳಿದಂಗ ಕೇಳತೈತಿ."

"ಅಂವ ಹೆಂಗ ಅಂದಾನ ಹಂಗ ಹೇಳು," ಎಂದರು ವಕೀಲಬಾಯಿ. "ಎಷ್ಟ ಜೋರ ಅಂದಾ, ಯಾರ ಕಡೆ ಕೈ ಮಾಡಿ ಅಂದಾ, ಹಂಗನ ತೋರಸು. ನಮಗ ಗೊತ್ತಾಗಬೇಕಲ್ಲ." ಅವರು ಕೇಳಿದ್ದು ತಪ್ಪಲ್ಲ. ವಿಚಾರಣೆ ಎಂದರೆ ಹಾಗೆಯೇ ಕೇಳಬೇಕು.

ಆಕೆ ಎದ್ದು ನಿಂತಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಮುಕಾದಮನ ಎದುರು ಹೋಗಿ ನಿಂತು, ಅವನು ಅಂದು ಕೈ ಮಾಡಿದ ಹಾಗೆಯೇ ಕೈ ಮಾಡಿ, ಅವನ ದನಿಯಲ್ಲೇ ಆ ನಾಲ್ಕು ಶಬ್ದವನ್ನು ಕೂಗಿದಳು. ಗೋಡೆ ನಡುಗಿತು ಎಂದರೆ ನಂಬಿ. ಕಿಟಕಿಯಾಚೆ ಹೂವಿನವಳ ಕೂಗು ನಿಂತಿತು. ಯಾರೋ ಇಬ್ಬರು ಕಿಟಕಿಯಲ್ಲಿ ಇಣುಕಿದರು. ಅಷ್ಟು ದಿನ ಕಾಗದದಲ್ಲಿ ಇಲ್ಲದ ಮಾತು ಅಲ್ಲಿ ಎಲ್ಲರ ನಡುವೆ ಬಂದು ನಿಂತಿತ್ತು. ನನಗೆ ಒಂದು ಕ್ಷಣ ಎಂಥ ಸಮಾಧಾನ! ಗೆದ್ದೆವು, ಇನ್ನು ಇವನು ತಪ್ಪಿಸಿಕೊಳ್ಳಲಾರ ಎಂದುಕೊಂಡೆ.

ಮುಕಾದಮ ಜೇಬಿನಿಂದ ಕರವಸ್ತ್ರ ತೆಗೆದು ಕಣ್ಣು ಒರೆಸಿಕೊಂಡ.

"ನೋಡಿದ್ರಿಲ್ರಿ ಸಾವ್ಕಾರ್ರ? ನಿಮ್ಮ ಮುಂದ, ಗುಡಿ ಮಗ್ಗಲಕ, ಇಷ್ಟ ದೊಡ್ಡ ಮಂದಿ ಕುಂತಾಗ ನನಗ ಹಿಂಗ ಅಂದ್ಲು. ಅಲ್ಲೆ ಶೆಡ್ಡಿನ್ಯಾಗ ನಾ ಒಬ್ಬಾಂವ ಇದ್ದಾಗ ಏನೇನ ಅಂದಿರಬೇಕು, ನೀವ ಅಂದಾಜ ಮಾಡ್ರಿ. ನಾ ಹೆಣ್ಮಗಳು ಅಂತ ಇಷ್ಟ ದಿನ ಸುಮ್ಮಿದ್ದೆ."

ಮಾಲೀಕರ ಮುಖ ಕೆಂಪಾಗಿತ್ತು. "ಯಪ್ಪಾ! ಎಂಥಾ ಬಾಯಿ ಬೇ ನಿಂದು!"

"ನನ್ನ ಮಾತಲ್ರಿ ಸಾವ್ಕಾರ್ರ, ಅಂವನ ಮಾತ್ರಿ ಅದು. ಹೇಳು ಅಂದ್ರು, ಹೇಳಿನ್ರಿ."

"ಮಾತ ಯಾರದರ ಇರಲಿ, ಬಾಯಿ ಯಾರದು? ಮರ್ಯಾದಿ ಇದ್ದಾಕಿ ಆಗಿದ್ರ ಸತ್ರೂ ಅದು ಬಾಯಿಗೆ ಬರತಿದ್ದಿಲ್ಲ. ಇಂಥಾ ಬಾಯಿ ಇದ್ದಾಕಿಗೆ ಅಂವ ಅಂದ್ರೂ ಏನ ಹತ್ತಿತು?" ಆಮೇಲೆ ನನ್ನ ಕಡೆ ತಿರುಗಿದರು. "ಅಕ್ಕಾರ, ಬರಕೋರಿ. ಸಭಾದಾಗ ಅವಾಚ್ಯ ಶಬ್ದ ಬಳಸಿದ್ಲು ಅಂತ."

ನಾನು ಸುಮ್ಮನಿರಲಿಲ್ಲ, ಅಷ್ಟಾದರೂ ಹೇಳಿಕೊಳ್ಳುತ್ತೇನೆ. "ಹಂಗ ಬರೀಬಾರದ್ರಿ. ಮುಕಾದಮ ಅಂದದ್ದನ್ನ, ನಾವ ಕೇಳಿದ್ದಕ್ಕ ಆಕಿ ಹೇಳಿದ್ಲು ಅಂತ ಬರೀಬೇಕು," ಎಂದೆ.

"ಬರಾಬರಿ," ಎಂದರು ವಕೀಲಬಾಯಿ. "ಹಂಗನ ಬರೀರಿ. ಅಂವ ಅಂದದ್ದು ಇದು ಅಂತ, ಆ ನಾಲ್ಕ ಶಬ್ದ ಪೂರಾ ಬರೀರಿ. ಈಗ ಬರದ್ರ ಆಕಿ ಹೇಳಿಕಿ ದಾಖಲ ಆಕ್ಕೈತಿ. ನಾ ಸಹಿ ಮಾಡ್ತೇನಿ."

ಎಲ್ಲರೂ ನನ್ನ ಕೈ ನೋಡುತ್ತಿದ್ದರು. ಆಕೆಯೂ ನೋಡುತ್ತಿದ್ದಳು. ಸೆರಗು ಇನ್ನೂ ಸೊಂಟದಲ್ಲೇ ಇತ್ತು. ಮೊದಲಿನ ಅಕ್ಷರ ಬರೆದೆ. ಮಾಲೀಕರು ಕುರ್ಚಿ ಮುಂದೆ ಎಳೆದುಕೊಂಡು ಬಗ್ಗಿದರು.

"ಬರೀತೀರಿ? ಅಕ್ಕಾರ, ನಮ್ಮ ಮನಿ ಕಾಗದದ ಮ್ಯಾಲ, ನಿಮ್ಮ ಅಕ್ಷರದಾಗ, ಆ ಮಾತು?"

ಅಷ್ಟೇ ಅಂದದ್ದು. ಬೆದರಿಕೆಯೇನೂ ಹಾಕಲಿಲ್ಲ. ನನ್ನ ಕೈ ನಿಂತಿತು. ಬರೆದಿದ್ದ ಅಕ್ಷರವನ್ನು ಹೊಡೆದು ಹಾಕಿದೆ. ಆಕೆ ಇಡೀ ಓಣಿಗೆ ಕೇಳುವ ಹಾಗೆ ಆಡಿದ ಮಾತನ್ನು, ಬರೆಯಲು ಓದಲು ಕಲಿತ ನಾನು ಒಂದು ಸಾಲಿನಲ್ಲಿ ಬರೆಯಲಾರದೆ ಹೋದೆ. ನನ್ನ ಪೆನ್ನಿಗೆ ಗೊತ್ತಿದ್ದ ಹಳೇ ಹಾದಿ ಒಂದೇ, ಅದು ಅದರಲ್ಲೇ ನಡೆಯಿತು: "ಫಿರ್ಯಾದಿದಾರಳು ಸಭೆಯಲ್ಲಿ ಎಲ್ಲರ ಸಮಕ್ಷಮ ಅವಾಚ್ಯ ಶಬ್ದಗಳನ್ನು ಬಳಸಿರುತ್ತಾಳೆ." ದೂರು ಬರೆದಾಗ ಅವಳ ಹೆಸರಿನಲ್ಲಿ 'ನಿಂದಿಸಿರುತ್ತಾರೆ' ಎಂದು ಮುಕಾದಮನಿಗೆ ಗೌರವ ಕೊಟ್ಟಿದ್ದೆ. ಇಲ್ಲಿ ಆಕೆಗೆ ಅದನ್ನೂ ಕೊಡಲಿಲ್ಲ.

ನಾಲ್ಕು ದಿನಕ್ಕೆ ಸಮಿತಿಯ ಆದೇಶ ತಯಾರಾಯಿತು. ದೂರಿನಲ್ಲಿ ನಿರ್ದಿಷ್ಟ ಶಬ್ದ ಇಲ್ಲದ್ದರಿಂದ, ಸಾಕ್ಷಿಗಳೂ ಹೇಳದೇ ಇರುವುದರಿಂದ ಆರೋಪ ರುಜುವಾತಾಗಿಲ್ಲ. ಅದರ ಕೆಳಗೆ ಮಾಲೀಕರ ಇನ್ನೊಂದು ಆದೇಶ, ಸಭೆಯಲ್ಲಿ ಅವಾಚ್ಯ ಶಬ್ದ ಬಳಸಿದ ಕಾರಣಕ್ಕೆ ಆಕೆಯನ್ನು ಇಂದಿನಿಂದ ಕೆಲಸದಿಂದ ತೆಗೆಯಲಾಗಿದೆ. ವಕೀಲಬಾಯಿ ಎರಡನ್ನೂ ಓದಿ, ತಮ್ಮ ಒಪ್ಪಿಗೆ ಇಲ್ಲವೆಂದು ಅಂಚಿನಲ್ಲಿ ಬರೆದು, ಹೆಲ್ಮೆಟ್ಟು ಹಾಕಿಕೊಂಡು ಹೋದರು. ಎರಡನ್ನೂ ಟೈಪು ಮಾಡಿದವಳು ನಾನು. ಕಾಗುಣಿತ ಒಂದೂ ತಪ್ಪಿರಲಿಲ್ಲ.

ಆಕೆಗೆ ಓದಲು ಬಾರದ್ದರಿಂದ ಓದಿ ಹೇಳಿ ಸಹಿ ತೆಗೆದುಕೊಳ್ಳಬೇಕು, ಅದು ಕ್ರಮ. ಟಿಕೋಟಾಕ್ಕೆ ಹೋದೆ. ಸಾಮಾನಿನ ಕೋಣೆಗೆ ಬಾ ಎಂದೆ. ಆಕೆ ಬೆಲ್ಟಿನ ಕೊನೆಯಲ್ಲಿ ತನ್ನ ಜಾಗದಿಂದ ಏಳಲಿಲ್ಲ.

"ಇಲ್ಲೇ ಓದ್ರಿ ಅಕ್ಕಾರ. ಅಂವ ಅಂದದ್ದು ಇಲ್ಲೇ, ಓದೂದೂ ಇಲ್ಲೇ ಆಗಲಿ."

ಅವನು ತಾನು ಅಂದದ್ದು ಸುಳ್ಳು ಎಂದು ಒಪ್ಪಿಕೊಂಡ ಕಾಗದ ಅದು ಎಂದು ತಿಳಿದಿದ್ದಳೋ ಏನೋ. ಬೆಲ್ಟು ನಿಂತಿತು. ಹೆಣ್ಣುಮಕ್ಕಳು ಕೈ ಮಡಿಲಲ್ಲಿಟ್ಟುಕೊಂಡು ನನ್ನ ಕಡೆ ತಿರುಗಿದರು. ಮುಕಾದಮ ಕಂಬಕ್ಕೆ ಒರಗಿ ನಿಂತಿದ್ದ. ನಾನು ಓದಿದೆ. ಮೊದಲನೆಯದನ್ನು ಕೇಳಿ ಆಕೆ ತಲೆ ತಗ್ಗಿಸಿದಳು, ಎರಡನೆಯದಕ್ಕೆ ತಲೆ ಎತ್ತಿದಳು.

"ನಿಂದರ್ರಿ. ಅದೇನೋ ಅಂದ್ರಲ್ಲ, ಅವಾಚ್ಯ. ಹಂಗಂದ್ರೇನ್ರಿ?"

"ಬಾಯಿಲೆ ಆಡಬಾರದ ಮಾತು."

"ನಾ ಯಾವ ಮಾತ ಆಡಿನಿ ಅಂತ ಬರದೈತೇನ್ರಿ ಅದರಾಗ?"

"ಇಲ್ಲ."

"ನನ್ನ ಕಾಗದದಾಗ ಮಾತ ಬರದಿಲ್ಲ ಅದಕ್ಕ ಅಂವ ಅಂದಂಗ ಆಗಲಿಲ್ಲ ಅಂದ್ರಿ. ಇದರಾಗೂ ಮಾತ ಬರದಿಲ್ಲಲ್ರಿ. ಹಂಗಾದ್ರ ನಾನೂ ಅಂದಂಗ ಆಗಲಿಲ್ಲಲ್ರಿ ಅಕ್ಕಾರ?"

ನಲವತ್ತು ಮಂದಿ ನನ್ನ ಬಾಯಿ ನೋಡುತ್ತಿದ್ದರು. ಆಕೆ ಕೇಳಿದ್ದು ನ್ಯಾಯ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಾಗಿತ್ತು, ಕಂಬಕ್ಕೆ ಒರಗಿದವನಿಗೂ. ಆ ಒಂದು ಪ್ರಶ್ನೆಯನ್ನು ಹಿಡಿದು ವಿಜಯಪುರಕ್ಕೆ ವಾಪಸು ಹೋಗಿ ಮಾಲೀಕರ ಮೇಜಿನ ಮೇಲೆ ಇಡಬಹುದಾಗಿತ್ತು. ನಾನು ಪೆನ್ನಿನ ಮುಚ್ಚಳ ತೆಗೆದು ಆಕೆಯ ಮುಂದೆ ಹಿಡಿದೆ.

"ಸಹಿ ಮಾಡವಾ," ಎಂದೆ.

ಆಕೆ ನನ್ನ ಮುಖ ನೋಡಿ, ಪೆನ್ನು ತೆಗೆದುಕೊಂಡು, ಕಾಗದವನ್ನು ಬೆಲ್ಟಿನ ಅಂಚಿನ ಮೇಲೆ ಇಟ್ಟುಕೊಂಡು ಒಂದೊಂದೇ ಅಕ್ಷರ ಬರೆಯತೊಡಗಿದಳು. ಹೆಸರು ಮುಗಿಯುವ ಮೊದಲೇ ಮುಕಾದಮ ಬೆಲ್ಟು ಚಾಲೂ ಮಾಡಿಸಿದ.